ಲಂಗಾನ ಗುಶೆಶೆಯ ಮುಳ್ಳು

ಮೊದಿಸೆ ಈ ಚಳಿಗಾಲದಲ್ಲಿ ತೀರಿಕೊಂಡ. ಸೊವೆಟೊದ ಮಪೆಟ್ಲಾ ಕೇರಿಯಲ್ಲಿ ಯಾರ ಗುಶೆಶೆಯ ಮೀಟರು ಕೆಟ್ಟರೂ ಅವನ ತಗಡಿನ ಶೆಡ್ಡಿಗೇ ಬರುತ್ತಿತ್ತು. ಆ ಚೌಕು ಮುಖದ ಹಳೇ ಜರ್ಮನ್ ಕಾರಿಗೆ ಅಲ್ಲಿನವರು ಇಟ್ಟ ಹೆಸರು ಗುಶೆಶೆ. ಅದರ ಮೀಟರಿನೊಳಗಿನ ಹಲಗೆಗೆ ಪುಟ್ಟ ಬ್ಯಾಟರಿಗಳನ್ನು ಬೆಸೆದಿರುತ್ತಾರೆ. ವಯಸ್ಸಾದಂತೆ ಅವು ಒಸರುತ್ತವೆ. ಆಗ ಇಂಜಿನ್ ತಣ್ಣಗಿದ್ದರೂ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿ ಕೂರುತ್ತದೆ. “ಮುಳ್ಳು ಸುಳ್ಳು ಹೇಳ್ತದೆ, ಬಿಡು” ಎಂಬುದು ಗುಶೆಶೆಯವರ ಬಾಯಲ್ಲಿ ಗಾದೆಯೇ ಆಗಿತ್ತು.

ಕೈ ನಡುಗತೊಡಗಿದ ಮೇಲೆ ಮೊದಿಸೆ ಮೀಟರು ತಂದವರನ್ನು ಹಾಗೇ ವಾಪಸು ಕಳಿಸುತ್ತಿದ್ದ. ಇದು ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಅವನ ಬಾಲ್ಯದ ಗೆಳೆಯ ಲಂಗಾ ಸತ್ತ. ಕಾರೇ ಜೀವವಾಗಿದ್ದವನನ್ನು ಮಣ್ಣು ಮಾಡಿ ಬಂದ ಮೇಲೆ ಅವನ ಕಾರನ್ನು ಮನೆಮುಂದೆ ಗಿರಗಿರನೆ ತಿರುಗಿಸಿ, ಟೈರಿನ ಹೊಗೆಯೆಬ್ಬಿಸಿ ಕಳಿಸಿಕೊಡಬೇಕು. ಅಲ್ಲಿ ಅದೇ ಮರ್ಯಾದೆ. ಮಣ್ಣು ಮಾಡುವ ಹಿಂದಿನ ದಿನ ಲಂಗಾನ ತಮ್ಮ ಜ್ವೆಲಿ ಆ ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ಪಕ್ಕದಲ್ಲಿ ಲಂಗಾನ ಹೆಂಡತಿ ನೊಮ್ಸಾ ಕಂಬಳಿ ಹೊದ್ದು ಕೂತಿದ್ದಳು.

“ಮೊದಿಸಣ್ಣ, ಮುಳ್ಳು ಕೆಂಪು ಬಿಟ್ಟು ಇಳೀತಿಲ್ಲ.”

“ನನ್ನ ಕೈ ನೋಡಿದ್ಯೇನೋ? ಬಾಯಿಗೆ ಹೊರಟ ಚಮಚ ಮೂಗಿಗೆ ಹೋಗ್ತದೆ.”

“ಮೂಗಲ್ಲೇ ಉಣ್ಣು. ಬ್ಯಾಟರಿ ಮಾತ್ರ ಹಾಕ್ಕೊಡು.”

ನೊಮ್ಸಾ ನಗಲಿಲ್ಲ. “ಅವ್ರು ಆ ಮೀಟರನ್ನ ನಿಮ್ಮನ್ನ ಬಿಟ್ಟು ಇನ್ನೊಬ್ರ ಕೈಗೆ ಕೊಟ್ಟೋರಲ್ಲ ಅಣ್ಣ. ನಾಳೆ ಅವ್ರ ಗಾಡಿ ಜನರ ಮುಂದೆ ನಿಂತು ಹೋಗ್ಬಾರ್ದು. ಅಷ್ಟೇ ನಾನು ಕೇಳೋದು.”

ಮೊದಿಸೆ ಮೀಟರು ಬಿಚ್ಚಿಸಿ ಮೇಜಿನ ಮೇಲಿಟ್ಟುಕೊಂಡ. ಮುಂಗೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ನಡುಕ ಒಂದಿಷ್ಟು ತಗ್ಗುವುದನ್ನೇ ಕಾದು ಬೆಸುಗೆ ಕಡ್ಡಿಯ ಬಿಸಿ ಮೊನೆ ತಾಗಿಸಿದ. ಹಸಿರು ಕಿಲುಬು ಹಿಡಿದ ಬ್ಯಾಟರಿಗಳು ಬಿಟ್ಟುಕೊಂಡವು. ಹೊಸವು ಕೂತವು. ಬೆಸುಗೆ ಮಾತ್ರ ಚೆಲ್ಲಿದ ಗಂಜಿಯಂತೆ ಗಂಟುಗಂಟಾಗಿತ್ತು.

ಮೀಟರು ಕೂರಿಸಿ ಕಾರು ಚಾಲೂ ಮಾಡಿದರು. ಮುಳ್ಳು ನಡುವಿಗೆ ಬಂದು ನಿಂತಿತು. ಮೊದಿಸೆ ಉಸಿರು ಬಿಟ್ಟ. ಆಮೇಲೆ ಅದು ನಿಧಾನವಾಗಿ ಏರಿ ಕೆಂಪು ಮುಟ್ಟಿತು.

“ಇಂಜಿನ್ ನೀರು ನೋಡ್ಲಾ ಅಣ್ಣ?” ಎಂದ ಜ್ವೆಲಿ.

“ನೀರಲ್ಲ ಕಣೋ, ನನ್ನ ದರಿದ್ರ ಕೈ. ಬೆಸುಗೆ ಕೆಟ್ಟಿದೆ. ಮುಳ್ಳು ಸುಳ್ಳು ಹೇಳ್ತದೆ, ನೀನು ನಾಳೆ ತಿರುಗ್ಸು.”

ಮರುದಿನ ಬೀದಿ ತುಂಬ ಜನ. ಜ್ವೆಲಿ ಕಾರನ್ನು ಬುಗುರಿಯಂತೆ ಆಡಿಸಿದ. ಸಿಳ್ಳೆ, ಅಳು, ನಗು ಎಲ್ಲ ಒಟ್ಟಿಗೆ. “ಏ ಲಂಗಾ, ನಿನ್ನ ತಮ್ಮ ನಿನಗಿಂತ ಚೆನ್ನಾಗಿ ತಿರುಗಿಸ್ತಾನೆ, ಎದ್ದು ಬಂದು ನೋಡೋ!” ಎಂದು ಅತ್ತೆಯೊಬ್ಬಳು ಕೂಗಿದಳು. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಬುಸುಗುಟ್ಟಿತು. ಇಂಜಿನ್ ಒಮ್ಮೆ ಕೆಮ್ಮಿ ನಿಂತೇಹೋಯಿತು.

ನೀರಿನ ಪೈಪು ಒಡೆದಿತ್ತು; ಹೊಸದಾಗಿ ಒಡೆದದ್ದಲ್ಲ, ಬಿರುಕಿನ ಅಂಚು ಹಳತಾಗಿ ಕಪ್ಪಾಗಿತ್ತು. ನಿನ್ನೆ ಮುಳ್ಳು ಸುಳ್ಳು ಹೇಳಿರಲಿಲ್ಲ. ಜ್ವೆಲಿ ಅದನ್ನು ನೋಡಿ, ಮೊದಿಸೆಯತ್ತ ನೋಡಿ, ಕಾರು ತಳ್ಳಲು ಹೆಗಲು ಕೊಟ್ಟ. ಗಂಡಸರೆಲ್ಲ ಸೇರಿ ಅದನ್ನು ಅಂಗಳಕ್ಕೆ ನೂಕಿದರು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ನೊಮ್ಸಾ ಮೊದಿಸೆಯ ಹತ್ತಿರ ಬಂದಳು.

“ಬೆಸುಗೆ ಚೆನ್ನಾಗೇ ಇತ್ತಲ್ಲ ಅಣ್ಣ” ಎಂದಳು.

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಸಮಾಧಾನಕ್ಕೆಂದೇ ಹೇಳಿದ್ದಳು. ಮೊದಿಸೆ ತಲೆಯಾಡಿಸಲು ಹೋದ. ಅದು ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.