ಒಲ್ಲೆ ಅನ್ನುವವರ ಟೇಪುಗಳು

ಎರಡು ಸಾವಿರದ ಇಸವಿಯ ಆಚೀಚೆ ನನಗೆ ಒಂದು ಕ್ರಿಯಾಪದದ ಹುಚ್ಚು ಹಿಡಿದಿತ್ತು: ‘ಒಲ್ಲೆ’. ಬೇಡ ಅನ್ನುವುದಕ್ಕೆ ನಮ್ಮ ಕಡೆಯ ಮಾತು. ನಾ ಒಲ್ಲೆ, ನೀ ಒಲ್ಲಿ, ಅಂವ ಒಲ್ಲ, ಅಕಿ ಒಲ್ಲಳು. ಬರವಣಿಗೆ ಹುಟ್ಟುವ ಮೊದಲು ಈ ರೂಪಗಳು ಹೇಗಿದ್ದವು, ದನಿ ಎಲ್ಲಿ ಏರುತ್ತಿತ್ತು ಎಂದು ಊರೂರಿನ ಮಾತು ಕೇಳಿ ಊಹಿಸಿ ಕಟ್ಟುವುದು ನನ್ನ ಪಿಎಚ್‌ಡಿ ಕೆಲಸ. ಯಾರೂ ಕೇಳಿರದ, ಆದರೆ ಇದ್ದೇ ಇರಬೇಕು ಅನ್ನಿಸುವ ರೂಪದ ಮುಂದೆ ನಾವು ನಕ್ಷತ್ರದ ಗುರುತು ಹಾಕುತ್ತೇವೆ.

ಅದೇ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ ಮನುಷ್ಯ. ಬಾಯಿ ತೆರೆದರೆ ಓಣಿಗೆಲ್ಲ ಕೇಳಬೇಕು. ಕೈಕಾಲು ಸುಧಾರಿಸಿದವು, ಮಾತು ಮಾತ್ರ ಬರಲಿಲ್ಲ. ಹಾವೇರಿಯ ಡಾಕ್ಟರು, “ತಿಳುವಳಿಕಿ ಎಲ್ಲಾ ಐತ್ರಿ. ಮಾತು ಕಿವಿಗೆ ಬೀಳ್ತಿರಲಿ, ಬಂದ್ರೂ ಬರಬಹುದು” ಎಂದರು. ಆ ‘ಬರಬಹುದು’ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಅವ್ವ, ನಾನು ಅವನನ್ನು ರಾಣೆಬೆನ್ನೂರಿನ ಮನೆಗೆ ಕರೆತಂದೆವು.

ನನ್ನ ತಿರುಗಾಟ ನಿಲ್ಲಲಿಲ್ಲ. ಆದರೆ ಟೇಪ್ ರೆಕಾರ್ಡರ್ ಕಂಡರೆ ಸಾಕು, ಜನ ಸೆರಗು, ಟೊಪ್ಪಿಗೆ ಸರಿಮಾಡಿಕೊಂಡು ಶಾಲೆಯ ಪುಸ್ತಕದಂತೆ ಮಾತಾಡುತ್ತಿದ್ದರು. ಮೇಡ್ಲೇರಿಯ ಒಬ್ಬ ಮುದುಕಿ ಆಯಿಯಂತೂ ಎಷ್ಟು ಕೆದಕಿದರೂ “ನನಗೆ ಬೇಡ” ಅಂತಲೇ ಹೇಳಿದಳು. ಥೂ, ನನ್ನ ಬಸ್ ಚಾರ್ಜು ದಂಡ! ಊಟಕ್ಕೆ ಕೂತಾಗ ನಾನೇ ಬುಟ್ಟಿ ಎತ್ತಿಕೊಂಡು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಹೋದೆ. ಆಯಿ ಎರಡೂ ಕೈ ಅಡ್ಡ ಹಿಡಿದು, “ಒಲ್ಲೆವ್ವಾ, ಒಲ್ಲೇ!” ಎಂದು ಕೂಗಿದಳು. “ಅಕಿ ಒಲ್ಲಳು, ಬಿಡ್ರಿ” ಎಂದ ಅವಳ ಮಗ. ಅಂದಿನಿಂದ ಅದೇ ನನ್ನ ಪದ್ಧತಿಯಾಯಿತು: ಊಟದ ಹೊತ್ತಿಗೆ ಹೋಗುವುದು, ಟೇಪು ಹಚ್ಚುವುದು, ಎಲ್ಲರಿಗೂ ಒತ್ತಾಯ ಮಾಡಿ ಬಡಿಸುವುದು.

ಸಂಜೆ ಮನೆಗೆ ಬಂದು ಆ ಟೇಪುಗಳನ್ನು ಹಾಕುತ್ತಿದ್ದೆ. ದನಿ ಎಲ್ಲಿ ಏರಿತು ಎಂದು ಗೊತ್ತಾಗಲು ಒಂದೇ ಮಾತನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ತಿರುಗಿಸಿ ಕೇಳಬೇಕು. “ಇಲ್ಲೇ ಹಚ್ಚವಾ, ಅವರ ಕಿವಿಗೂ ನಾಕು ಮಂದಿ ಮಾತು ಬೀಳಲಿ” ಎಂದು ಅವ್ವ ಅಪ್ಪನ ಮಂಚದ ಹತ್ತಿರವೇ ಸ್ಟೂಲು ಇಟ್ಟಿದ್ದಳು. ಅಪ್ಪ ಗೋಡೆ ಕಡೆ ನೋಡುತ್ತ ಮಲಗಿರುತ್ತಿದ್ದ. ತಿಂಗಳುಗಳು ಹೋದವು. ಇನ್ನು ಮಾತು ಬರಲಿಕ್ಕಿಲ್ಲ ಎಂದು ನನಗೆ ಒಳಗೊಳಗೇ ಅಂಜಿಕೆ ಹತ್ತಿತ್ತು, ಅವ್ವನಿಗೆ ಹೇಳಲಿಲ್ಲ.

ಒಂದು ಸಂಜೆ ಹಲಗೇರಿಯ ಟೇಪು ಓಡುತ್ತಿತ್ತು. ಒಂದು ‘ಒಲ್ಲೆ’ಯನ್ನು ಎಷ್ಟು ಸಲ ತಿರುಗಿಸಿದೆನೋ, ಹಿಂದಿನಿಂದ ಒರಟಾದ, ತೊದಲುವ ದನಿ ಕೇಳಿತು: “ಬಂದ್... ಮಾಡ ಅದನ್ನ!”

ಅವ್ವ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಓಡಿಬಂದಳು. “ಏನಂದ್ರಿ? ಇನ್ನೊಮ್ಮಿ ಅನ್ರಿ!”

ಅಪ್ಪ ಸಿಟ್ಟಿನಿಂದ ನನ್ನ ಕಡೆ ಕೈ ಮಾಡಿ, “ತಲಿ... ತಿಂತಾಳ... ನಿನ್ನ ಮಗಳು” ಎಂದ.

ಅವ್ವ ನಗುತ್ತಲೇ ಅಳತೊಡಗಿದಳು. ನನಗೂ ಕಣ್ಣು ಕಾಣಲಿಲ್ಲ, ಅಷ್ಟು ಖುಷಿ. ಟೇಪು ಓಡುತ್ತಲೇ ಇತ್ತು. ಇನ್ನಷ್ಟು ಬೈಯಲಿ ಎಂದು ನಾನು ಬಂದ್ ಮಾಡಲೇ ಇಲ್ಲ.