ಕೂಳು ಅಂದರೆ ಕೂಳಲ್ಲ

ಅತ್ತೆ ಹಿಟ್ಟು ಬೇಡ ಎಂದರು.

ಕಾಯಿಲೆ ಶುರುವಾದದ್ದು ಹಾಗೆ. ಜ್ವರ, ತಲೆನೋವು ಎಲ್ಲ ಆಮೇಲೆ ಬಂದವು. ನಮ್ಮೂರು ಬೇರಿಕೆಯಲ್ಲಿ ರಾಗಿಮುದ್ದೆಗೆ ಹಿಟ್ಟು ಅನ್ನುತ್ತೇವೆ. ಕೋಪ ಬಂದರೆ ಅತ್ತೆ ನನ್ನ ಜೊತೆ ಮಾತು ಬಿಡುತ್ತಿದ್ದರೇ ಹೊರತು ನಾನು ಮಾಡಿದ ಹಿಟ್ಟನ್ನು ಬಿಟ್ಟವರಲ್ಲ. ಅಂಥವರು ತಟ್ಟೆ ಸರಿಸಿ ಗೋಡೆಗೆ ಒರಗಿದಾಗ ನಾನು ಕೈಲಿದ್ದ ಸೌಟು ಕೆಳಗಿಟ್ಟು ಅವರ ಪಕ್ಕ ಕೂತೆ.

ಆಮೇಲೆ ಮೈ ಕಾದ ಹೆಂಚಾಯಿತು. ಕಷಾಯ ಆಯಿತು. ದೇವರಿಗೆ ಮುಡಿಪು ಕಟ್ಟಿದ್ದಾಯಿತು. ಜ್ವರ ಇಳಿಯಲಿಲ್ಲ. ಗಾಡಿ ಕಟ್ಟಿ ಹೊಸೂರಿನ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು.

ಟೈಫಾಯಿಡ್.

ಅದಕ್ಕೆ ಮದ್ದಿಲ್ಲ, ನರ್ಸಿಂಗ್ ಒಂದೇ ಮದ್ದು ಎಂದರು. ನಾನು ವಾರ್ಡಿನಲ್ಲೇ ಉಳಿದೆ. ಬಾರ್ಲಿ ನೀರು, ಒದ್ದೆ ಬಟ್ಟೆ, ಥರ್ಮಾಮೀಟರ್. ಅತ್ತೆಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬಾಚಿದರೆ ಕೂದಲು ಕಂತೆಕಂತೆಯಾಗಿ ಕೈಗೆ ಬರುತ್ತಿತ್ತು. ಪಕ್ಕದ ಮಂಚದಲ್ಲಿ ಅದೇ ಕಾಯಿಲೆಯ ರಾಯಕೋಟೆಯ ಹೆಂಗಸೊಬ್ಬಳು ಜ್ವರ ಬಿಟ್ಟು ಎದ್ದು ಕೂತಿದ್ದಳು. ಹಸಿವೆಂದು ಅತ್ತಳು. ಅವಳ ತಾಯಿ ತಡೆಯಲಾರದೆ ಸೆರಗಿನ ಮರೆಯಲ್ಲಿ ಅನ್ನ ತಂದು ತಿನ್ನಿಸಿದಳು.

ಮಾರನೆಯ ದಿನ ಆ ಮಂಚ ಖಾಲಿ.

"ಕರುಳಲ್ಲಿ ಹುಣ್ಣಿರುತ್ತಮ್ಮ. ಗಟ್ಟಿ ಆಹಾರ ಬಿದ್ರೆ ತೂತಾಗ್ಬಿಡುತ್ತೆ," ಎಂದು ನರ್ಸಮ್ಮ ಹೇಳಿದರು. ಇದನ್ನು ಕಂಡವಳು, ಕೇಳಿದವಳು ನಾನೊಬ್ಬಳೇ. ಅತ್ತೆ ಜ್ವರದ ಮಂಪರಿನಲ್ಲಿದ್ದರು.

ಅಂತೂ ಜ್ವರ ಬಿಟ್ಟಿತು. ಮನೆಗೆ ಹೋಗಬಹುದು ಎಂದರು. ಡಾಕ್ಟರು ತಂಜಾವೂರು ಕಡೆಯವರು, ಕನ್ನಡ ಬಾರದು. ಗಾಡಿಯ ಹತ್ತಿರ ಬಂದು, "ಇನಿಮೇ ಕೂಳ್ ಕುಡುಂಗ. ಕೂಳ್ ಮಟ್ಟುಂ," ಎಂದರು.

ಅತ್ತೆಯ ಮುಖ ಅರಳಿತು. ಕನ್ನಡದಲ್ಲಿ ಕೂಳು ಅಂದರೆ ಅನ್ನ ತಾನೆ! ಆದರೆ ನಾನು ಕೃಷ್ಣಗಿರಿಯಲ್ಲಿ ತಮಿಳರ ಬೀದಿಯಲ್ಲಿ ಬೆಳೆದವಳು. ಅವರ ಕೂಳ್ ಅಂದರೆ ನಮ್ಮ ರಾಗಿ ಅಂಬಲಿ. ಅಂಬಲಿ ಮಾತ್ರ ಕೊಡಿ ಎಂದು ಡಾಕ್ಟರು ಹೇಳಿದ್ದು. ಬೇರಿಕೆಯಲ್ಲಿ ಕನ್ನಡ, ತೆಲುಗು ಸರಾಗ. ತಮಿಳು ಬೇಕಾಗುವುದು ಕಚೇರಿಗೆ ಹೋದಾಗ ಮಾತ್ರ. ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಗೆ ಬಂದ ಮಾರನೆಯ ದಿನವೇ ಕೆಲಮಂಗಲಕ್ಕೆ ಕೊಟ್ಟಿದ್ದ ನಾದಿನಿ ಪುಟ್ಟಮ್ಮ ಅಕ್ಕಿ ಗಂಟು ಹೊತ್ತು ಬಂದಳು. ಎಲ್ಲೋ ನಡೆಯುತ್ತಿರುವ ಯುದ್ಧ ನಮ್ಮ ಒಲೆಯವರೆಗೂ ಬಂದಿರುವ ಕಾಲ. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಅಕ್ಕಿಯನ್ನು ಹಬ್ಬಕ್ಕೆಂದು ಮುಚ್ಚಿಡುತ್ತೇವೆ. ನಾಳೆ ಏನೋ ಎಂಬ ಭಯ ಇದ್ದಾಗ ಜನ ಪ್ರೀತಿಯನ್ನು ತಟ್ಟೆಗೇ ಬಡಿಸುತ್ತಾರೆ. ಬೇಡ ಅಂದವಳು ಪಾಪಿಯಾಗುತ್ತಾಳೆ. ಪುಟ್ಟಮ್ಮ ಬಿಸಿ ಅನ್ನಕ್ಕೆ ಹುರುಳಿ ಸಾರು ಹಾಕಿ ತಾಯಿಯ ಮುಂದಿಟ್ಟಳು. ನಾನು ಅಡ್ಡ ಬಂದೆ.

"ಡಾಕ್ಟ್ರೇ ಕೂಳಿಕ್ಕಿ ಅಂದವ್ರೆ. ನಿಂದೇನತ್ತಿಗೆ ನಡುವೆ?"

"ಅವ್ರು ಅಂದಿದ್ದು ಅಂಬ್ಲಿ ಕಣಮ್ಮ."

"ಬಾಯ್ಗ್ ಬಂದ ತುತ್ತು ಕಿತ್ಕೋಬ್ಯಾಡ ಕಣೇ ರಾಜಿ," ಎಂದರು ಅತ್ತೆ. ಕಣ್ಣಲ್ಲಿ ನೀರಿತ್ತು.

ಅವರ ಕೈ ತಟ್ಟೆಗೆ ಹೋಯಿತು. ನನಗೆ ರಾಯಕೋಟೆಯವಳ ಮಂಚ ಕಂಡಿತು. ತಟ್ಟೆ ಕಿತ್ತುಕೊಂಡೆ. ಕೆಳಗಿಟ್ಟರೆ ಪುಟ್ಟಮ್ಮ ಮತ್ತೆ ಬಡಿಸುತ್ತಾಳೆ. ಇಂಥ ಕಾಲದಲ್ಲಿ ಅನ್ನ ಚೆಲ್ಲಲು ಕೈ ಬಾರದು. ಇನ್ನೇನು ಮಾಡಲಿ?

ನಾನೇ ತಿಂದೆ.

ಅಲ್ಲೇ ನಿಂತು, ಇಬ್ಬರೂ ನೋಡುತ್ತಿರುವಾಗಲೇ, ಕೊನೆಯ ಅಗುಳಿನವರೆಗೂ ತಿಂದೆ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಹಸಿದ ಅತ್ತೆಯ ಅನ್ನ ಸೊಸೆ ಕಸಿದು ತಿಂದಳಂತೆ. ಬಾವಿಕಟ್ಟೆಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಊರ ಬಾಯಿಗೆ ಮುಚ್ಚಳ ಉಂಟೆ? ಅತ್ತೆ ಮಗನನ್ನು ಕರೆದು, "ನಿನ್ ಹೆಂಡ್ರು ನನ್ನ ಉಪ್ವಾಸ ಕೆಡವಿ ಸಾಯ್ಸ್ತಾಳೆ ಕಣ್ಲಾ," ಎಂದು ಗೋಡೆ ಕಡೆ ತಿರುಗಿದರು. ಅಂಬಲಿ ಕುಡಿಸಿದರೆ ಕಣ್ಣು ಮುಚ್ಚಿಕೊಂಡೇ ಕುಡಿಯುತ್ತಿದ್ದರು.

ನಮ್ಮ ಯಜಮಾನರಿಗೆ ಅತ್ತ ದರಿ ಇತ್ತ ಪುಲಿ. "ನಾನೇ ಹೋಗಿ ಕೇಳ್ಕಂಡ್ ಬತ್ತೀನಿ. ಅಲ್ಲೀಗಂಟ ಯಾರೂ ಏನೂ ಇಕ್ಕಬ್ಯಾಡಿ," ಎಂದು ಹೊಸೂರಿಗೆ ಹೊರಟರು. ಪೆಟ್ರೋಲ್ ಸಿಗದೆ ಇದ್ದಿಲು ಹಾಕಿ ಓಡಿಸುವ ಬಸ್ಸು. ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕು. ಪುಟ್ಟಮ್ಮ ಒಲೆಯ ಮುಂದೆ, ನಾನು ಅತ್ತೆಯ ಮುಂದೆ, ಕಾವಲು ಕೂತೆವು. ಮಾರನೆಯ ದಿನ ಬೀದಿಯ ಆ ತುದಿಯಿಂದಲೇ ಅವರ ದನಿ ಕೇಳಿಸಿತು.

"ಅಂಬ್ಲಿ! ಅಂಬ್ಲೀನಂತೆ! ಅನ್ನ ಇಕ್ಕಿದ್ರೆ ಹೋಗ್ಬುಡೋರಂತೆ!"

ನಾನು ಗೆದ್ದೆ. ನಾಚಿಕೆಯಿಲ್ಲದೆ ಬರೆಯುತ್ತೇನೆ, ಅವತ್ತು ನೀರು ಬೇಕಿಲ್ಲದಿದ್ದರೂ ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ ತಲೆಯೆತ್ತಿ ನಿಂತು ಬಂದೆ. ಪುಟ್ಟಮ್ಮ ರಾಗಿ ಬೀಸಲು ಕೂತಳು, ಬೀಸುತ್ತಲೇ ಅತ್ತಳು. ನಾನೂ ಎದುರಿಗೆ ಕೂತು ಬೀಸುವ ಕಲ್ಲಿನ ಗೂಟ ಹಿಡಿದೆ. ಅತ್ತೆ ಗೋಡೆಯ ಕಡೆಯಿಂದ ಈ ಕಡೆ ತಿರುಗಿದರು.

ಮೊನ್ನೆ ಮತ್ತೆ ಹೊಸೂರಿಗೆ ತೋರಿಸಲು ಹೋದೆವು. ಇನ್ನು ಹಿಟ್ಟು ಕೊಡಬಹುದೇ ಎಂದು ಕೇಳಬೇಕಿತ್ತು. ಯಾವ ಭಾಷೆಯನ್ನೂ ನಂಬದೆ ಎರಡೂ ಕೈಯಲ್ಲಿ ಮುದ್ದೆ ಕಟ್ಟಿ ತೋರಿಸಿದೆ. ಡಾಕ್ಟರು ನಕ್ಕು, ಮುದ್ದೆ ಚಿಕ್ಕದಿರಲಿ ಎಂದು ಬೆರಳಲ್ಲೇ ಅಳತೆ ತೋರಿಸಿದರು.

ಅತ್ತೆಗೆ ಇನ್ನೂ ಗೋಡೆ ಹಿಡಿದೇ ನಡಿಗೆ. ಕಾಯಿಲೆ ಮರುಕಳಿಸಬಹುದು ಎಂಬ ಅಂಜಿಕೆ ನನಗೆ ಪೂರ್ತಿ ಹೋಗಿಲ್ಲ. ಆದರೂ ನಿನ್ನೆ ಮಧ್ಯಾಹ್ನ ಪುಟ್ಟಮ್ಮ ಕೋಲು ಹಿಡಿದು ಹಿಟ್ಟು ತೊಳಸಿದಳು, ನಾನು ಬಡಿಸಿದೆ. ಅತ್ತೆ ಮುದ್ದೆಯಲ್ಲಿ ಮೊದಲ ತುತ್ತು ಮುರಿದು ನನ್ನ ಕೈಗಿಟ್ಟರು.

"ನಿನ್ ಪಾಲು ಮೊದ್ಲೇ ತಗಂಬುಡೇ. ಆಮ್ಯಾಕೆ ತಟ್ಟೆ ಕಿತ್ಕಂಡೀಯ."

ಮೂವರೂ ನಕ್ಕೆವು. ಅತ್ತೆ ಎರಡನೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿ ನುಂಗಿದರು. ಒಂದು ಗಳಿಗೆ ಕಣ್ಣು ಮುಚ್ಚಿದರು. ನಾನು ನೀರಿನ ಲೋಟ ಹತ್ತಿರ ಸರಿಸಿದೆ.

"ಸಾರ್ಗೆ ಉಪ್ಪೇ ಆಕಿಲ್ವಲ್ಲೇ," ಎಂದರು.

ನಮ್ಮ ಅತ್ತೆ ಉಳಿದರು.