ಮೂರು ಬಾಗಿಲಿನ ಕೋಣೆ

ನಮ್ಮ ಅತ್ತಿಗೆ, ಅಂದರೆ ನಮ್ಮ ಯಜಮಾನರ ಅಕ್ಕ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕೈ ತಪ್ಪಿಸಿಕೊಂಡಿದೆ ಎಂದು ಊರಿಗೆಲ್ಲ ಹೇಳುವುದು ಅವರೇ. ಅವರು ಬಾಯಿ ತೆರೆದರೆ ನಿಲ್ದಾಣದ ಜನವೆಲ್ಲ ಕತ್ತೆತ್ತುತ್ತದೆ. ಮನೆಯಲ್ಲಿ ಅವರ ಮಾತಿಗೆ ಕಿವಿಗೊಡದವರಲ್ಲಿ ಮೊದಲನೆಯವಳು ನಾನು. ನನ್ನ ಹತ್ತಿರ ರವಿಕೆ ಹೊಲಿಸಲು ಬರುವವರ ಮೊಣಕಾಲು ನೋವಿನ ಕಥೆಯನ್ನು ಮಾತ್ರ ಎಷ್ಟು ಹೊತ್ತಾದರೂ ಕೇಳಿಸಿಕೊಳ್ಳುತ್ತೇನೆ.

ನಮ್ಮದು ಹಳೆಯ ಮನೆ. ಮುಂದಿನ ಕೋಣೆ, ನಡುಕೋಣೆ, ಅಡುಗೆಮನೆ ಒಂದರ ಬೆನ್ನಿಗೆ ಒಂದು. ನಡುಕೋಣೆಯ ಎಡಕ್ಕೆ ನಾವು ಮಲಗುವ ಕೋಣೆ, ಬಲಗೋಡೆಯಲ್ಲಿ ಒಂದು ಕಿಟಕಿ. ಆ ನಡುಕೋಣೆಯೇ ಅತ್ತಿಗೆಯದು. ಅದಕ್ಕೆ ಮೂರು ಬಾಗಿಲು. ಎಲ್ಲಿಂದ ಎಲ್ಲಿಗೆ ಹೋಗುವುದಿದ್ದರೂ ಅವರ ಮಂಚ ಸವರಿಕೊಂಡೇ ಹೋಗಬೇಕು. ಯಜಮಾನರು ನೀರು ಕುಡಿಯಲು ಹೋಗುತ್ತಾರೆ, ನಾನು ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡಲು ಹೋಗುತ್ತೇನೆ. ಸಾಲದ್ದಕ್ಕೆ ನನ್ನ ದೇವರ ಮರದ ಗೂಡೂ ಅಲ್ಲೇ, ಕಿಟಕಿಯ ಪಕ್ಕ ಮೊಳೆಗೆ ತೂಗುಹಾಕಿದ್ದು. ತಡವಾಗಿ ಡ್ಯೂಟಿ ಮುಗಿಸಿ ಬಂದು ಮಲಗಿದವರ ತಲೆಯ ಮೇಲೆ ನಾನು ಬೆಳಗಾಗುತ್ತಲೇ ದೀಪ ಹಚ್ಚಿ ಮಣಮಣ ಮಾಡುತ್ತ ನಿಲ್ಲುತ್ತೇನೆ.

ಅತ್ತಿಗೆ ರೇಗುವವರಲ್ಲ. ಹೊದಿಕೆಯೊಳಗಿಂದ ಮೈಕಿನ ದನಿ ಬರುತ್ತದೆ: "ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಗೆ ಹೊರಡುವವರು ನನ್ನ ಕಾಲು ತುಳಿಯದೆ ಹೋಗಬೇಕಾಗಿ ವಿನಂತಿ." ನಾವು ನಗುತ್ತಿದ್ದೆವು. ನಕ್ಕು, ತುಳಿದುಕೊಂಡೇ ಹೋಗುತ್ತಿದ್ದೆವು.

ಮನೆ ರಿಪೇರಿಯ ಮಾತೆದ್ದಾಗ ಅವರು ಕೇಳಿದ್ದು ಒಂದೇ. "ನನಗೊಂದು ಬಾಗಿಲು ಸಾಕು ಕಣೇ. ಒಳಗಿಂದ ಚಿಲಕ ಇರಲಿ. ರಿಟೈರ್ ಆಗೋದರೊಳಗೆ ಒಂದಿನ ಚಿಲಕ ಹಾಕ್ಕೊಂಡು ಮಲಗಬೇಕು."

"ಅಷ್ಟೇನಾ ಅತ್ತಿಗೆ? ನಾನೇ ಪ್ಲಾನ್ ಹಾಕಿಕೊಡ್ತೀನಿ" ಎಂದೆ.

"ನೀನಾ?" ಎಂದರು ಯಜಮಾನರು. "ಮನೆಗೂ ತೋಳು ಇಡ್ತೀಯೋ, ಹೇಗೆ?"

ಹೊಲಿಗೆಯನ್ನು ನಾನು ಯಾರ ಹತ್ತಿರವೂ ಕಲಿತವಳಲ್ಲ. ಹಳೆಯ ರವಿಕೆ ಬಿಚ್ಚಿ ಬಿಚ್ಚಿ ನೋಡಿ ಕಲಿತದ್ದು. ಉಬ್ಬುತಗ್ಗಿನ ಮೈಗೇ ಅಳತೆ ಹಿಡಿದವಳಿಗೆ ಚೌಕದ ಕೋಣೆ ಯಾವ ಲೆಕ್ಕ? ಹೊಳೆಗೆ ಹಾಕಿದರೂ ಅಳೆದು ಹಾಕು ಎಂದಿದ್ದಾರೆ. ಟೇಪು ಹಿಡಿದು ಗೋಡೆಗೋಡೆಯನ್ನೂ ಅಳೆದೆ. ಕಂದು ಕಾಗದ ಹಾಸಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಉಪಾಯ ಸುಲಭದ್ದು: ನಡುಕೋಣೆಯ ಎಡಭಾಗದಲ್ಲಿ ಉದ್ದಕ್ಕೂ ಒಂದು ಗೋಡೆ ಎಬ್ಬಿಸಿ ಓಣಿ ಮಾಡುವುದು. ಮುಂದಿನ ಕೋಣೆ, ಅಡುಗೆಮನೆ, ನಮ್ಮ ಕೋಣೆ, ಮೂರರ ಬಾಗಿಲೂ ಓಣಿಗೆ. ಅತ್ತಿಗೆಗೆ ಕಿಟಕಿಯ ಸಮೇತ ಕೋಣೆ, ಅದಕ್ಕೊಂದೇ ಬಾಗಿಲು. ಕಾಗದವನ್ನು ಗೂಡಿನ ಮುಂದಿಟ್ಟು ಕೈಮುಗಿದು ಮೇಸ್ತ್ರಿಗೆ ಕೊಟ್ಟೆ.

ಗೋಡೆ ಕಟ್ಟುವ ದಿನ ನಾನು ಮುಂದಿನ ಕೋಣೆಯಲ್ಲಿ ಮಷೀನು ತುಳಿಯುತ್ತಿದ್ದೆ. ಮೇಸ್ತ್ರಿ ಬಾಗಿಲಲ್ಲಿ ನಿಂತು ಏನೋ ಕೇಳಿದರು. "ಬಲಕ್ಕೇ ಅಲ್ವಾಮ್ಮಾ?" ಎಂದಿದ್ದರಂತೆ. ಮಷೀನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

"ಪೇಪರಲ್ಲಿ ಹೇಗಿದೆಯೋ ಹಾಗೇ" ಎಂದೆ, ಇಂಜಿನಿಯರಿನ ಗತ್ತಿನಲ್ಲಿ.

ಊಟದ ಹೊತ್ತಿಗೆ ಹೋಗಿ ನೋಡಿದರೆ ಇಟ್ಟಿಗೆಯ ಮೊದಲ ಸಾಲು ಎದ್ದಿತ್ತು, ಕಿಟಕಿಯ ಕಡೆಗೆ. ಓಣಿಗೆ ಕಿಟಕಿ ಸೇರಿತ್ತು. ನಮ್ಮ ಕೋಣೆಯ ಬಾಗಿಲು ಅತ್ತಿಗೆಯ ಪಾಲಿಗೇ ಉಳಿದಿತ್ತು.

"ಇದೇನು ಮೇಸ್ತ್ರಿ, ತಿರುಗುಮುರುಗು!"

ಅವರು ಕಾಗದ ಬಿಡಿಸಿ ಹಿಡಿದರು. ಅದು ನನ್ನದೇ ಗೆರೆ. ಬಟ್ಟೆಗೆ ಗುರುತು ಹಾಕುವುದು ಒಳಮೈಗೆ. ಹೊಲಿದ ಮೇಲೆ ಮಗುಚಿದರೆ ಎಡದ್ದು ಬಲಕ್ಕೆ ಬರುತ್ತದೆ. ಅಭ್ಯಾಸಬಲದಿಂದ ಮನೆಯನ್ನೂ ನಾನು ಒಳಮೈಗೆ ಬರೆದಿದ್ದೆ. ಮನೆಯನ್ನು ಮಗುಚುವವರು ಯಾರು? ಆದರೂ ಬಾಯಿ ಸುಮ್ಮನಿರಲಿಲ್ಲ. "ಈ ನೆಲವೇ ಸೊಟ್ಟ ಇದೆ, ಅಳತೆಗೆ ಸಿಗಲ್ಲ" ಎಂದೆ. ಕುಣಿಯಲಾರದವಳ ಮಾತು.

"ಗಾರೆ ಇನ್ನೂ ಹಸಿ. ಕಿತ್ತು ಆ ಕಡೆ ಇಡಬಹುದು. ಬೇಗ ಹೇಳಿ" ಎಂದರು ಮೇಸ್ತ್ರಿ.

ಹೇಳುವ ಮೊದಲು ನನ್ನ ಕಣ್ಣು ದೇವರ ಗೂಡಿನ ಮೇಲೆ ಬಿತ್ತು. ನನ್ನ ಸರಿಯಾದ ಪ್ಲಾನಿನಲ್ಲಿ ಗೂಡು ಕಿಟಕಿ ಬಿಟ್ಟು ಕತ್ತಲೆ ಓಣಿಗೆ ಹೋಗಬೇಕಿತ್ತು. ಈ ತಪ್ಪು ಪ್ಲಾನಿನಲ್ಲಿ ದೇವರಿಗೆ ಕಿಟಕಿ, ಗಾಳಿ, ಬೆಳಗಿನ ಬಿಸಿಲು. ನನ್ನ ಭಕ್ತಿ ಒಮ್ಮೆಗೇ ಉಕ್ಕಿತು.

ಅಷ್ಟರಲ್ಲಿ ಅತ್ತಿಗೆ ಅಂದಿನ ಬೆಳಗಿನ ಪಾಳಿ ಮುಗಿಸಿ ಬಂದರು. ಬ್ಯಾಗು ಹೆಗಲಲ್ಲೇ ಇತ್ತು. ಇಟ್ಟಿಗೆ ಸಾಲು ನೋಡಿದರು, ನಮ್ಮ ಕೋಣೆಯ ಬಾಗಿಲು ನೋಡಿದರು.

"ಇದು ದೇವರ ಇಚ್ಛೆ ಇರಬೇಕು ಅತ್ತಿಗೆ. ನಮ್ಮ ಬಾಗಿಲಿಗೆ ಒಂದು ಪರದೆ ಹೊಲಿದು ಹಾಕ್ತೀನಿ. ಒಳ್ಳೇ ಬಟ್ಟೆದು."

"ಪರದೆಗೆ ಚಿಲಕ ಹೊಲಿಯಕ್ಕೆ ಬರುತ್ತಾ?"

ನಾನು ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿಕೊಂಡೆ.

"ದೇವರಿಗೆ ಎಡ ಬಲ ಗೊತ್ತಿಲ್ವೇನೇ? ತಪ್ಪು ನಿನ್ನದು, ಪಾಪ, ಅವನ ತಲೆಗೆ ಕಟ್ತೀಯಲ್ಲ!" ದನಿ ಏರಲಿಲ್ಲ, ತಮಾಷೆಯೂ ಇರಲಿಲ್ಲ. ಮಂಚದ ತುದಿಗೆ ಕುಳಿತು ಚಪ್ಪಲಿ ಬಿಚ್ಚುತ್ತ ಹೇಳಿದರು, "ಬಿಡು. ಅಭ್ಯಾಸ ಆಗಿದೆ ನನಗೆ."

ರೇಗಿದ್ದರೆ ವಾದಿಸುತ್ತಿದ್ದೆ. ಆ "ಬಿಡು" ಕೇಳಿದವಳೇ ಬಗ್ಗಿ ತುದಿಯ ಇಟ್ಟಿಗೆಗೆ ಕೈ ಹಾಕಿದೆ.

"ಕಿತ್ತುಬಿಡಿ ಮೇಸ್ತ್ರಿ" ಎಂದೆ. "ಎಡಕ್ಕೆ. ನನ್ನ ಎಡ ಅಲ್ಲ, ಎಲ್ಲರ ಎಡ."

ಹಸಿ ಗಾರೆ ಮೆತ್ತಿದ ಇಟ್ಟಿಗೆಗಳನ್ನು ಒಂದೊಂದಾಗಿ ಆ ಕಡೆಗೆ ದಾಟಿಸಿದವಳು ನಾನೇ. ಯಜಮಾನರು ಬಂದು, "ಮನೆ ಬಿಚ್ಚಿ ಹೊಲಿಯೋದು ಇವತ್ತೇ ನೋಡಿದ್ದು" ಎಂದರು.

ಈಗ ಕೋಣೆ ಮುಗಿದಿದೆ. ಮೊದಲ ದಿನ ಅತ್ತಿಗೆಯ ಮಡಿಸಿದ ಬಟ್ಟೆ ಹಿಡಿದು ಹಳೆಯ ಚಾಳಿಯಂತೆ ನುಗ್ಗಿದೆ. ಹಣೆ ಬಾಗಿಲಿಗೆ ಬಡಿಯಿತು. ಚಿಲಕ ಹಾಕಿತ್ತು.

"ಯಾರದು?" ಎಂದರು ಒಳಗಿಂದ. ಆ ಪ್ರಶ್ನೆಯನ್ನು ಅವರು ಕೇಳಿದ್ದು ಅದೇ ಮೊದಲು.

"ನಾನು ಅತ್ತಿಗೆ."

"ಕೆಲಸದಲ್ಲಿದ್ದೀನಿ. ಆಮೇಲೆ ಬಾ."

ಯಾವ ಕೆಲಸವೂ ಇರಲಿಲ್ಲ. ಮಂಚದ ಮೇಲೆ ಹೊರಳಿದ ಸದ್ದು ಕೇಳಿಸಿತು. ನಾನು ಹಣೆ ಉಜ್ಜಿಕೊಳ್ಳುತ್ತ ಓಣಿಯಲ್ಲೇ ನಿಂತೆ, ದೇವರ ಗೂಡಿನ ಪಕ್ಕ. ಯಜಮಾನರು ನೀರು ಕುಡಿಯಲು ದೀಪ ಸವರಿಕೊಂಡೇ ಹೋದರು. ಆ ಹಳೆಯ ಮೂರು ಬಾಗಿಲೂ ಈಗ ದೇವರ ಪಾಲಿಗೆ. ಅವನೂ ರೇಗುವವನಲ್ಲ.